ಲಾಂಚಿನ ಶಾಫ್ಟಿಗೆ ಎರೆದ ನೀರು

ಹೊಳೆಯ ದಂಡೆಗೆ ಒಂದು ಮಠ. ಮಠದ ಹಿಂದೆ ತಗಡಿನ ಶೆಡ್ಡು. ಶೆಡ್ಡಿನೊಳಗೆ ಕಬ್ಬಿಣ ತಿರುಗಿಸಿ ಕೊಯ್ಯುವ ಮೂರು ಲೇತು.

ಜಪ ಮಾಡುವವರು ಮುಂಬಾಗಿಲಿಂದ ಬರುತ್ತಾರೆ. ಪಂಪು, ಶಾಫ್ಟು, ಗಾಲಿ ಕೆಟ್ಟವರು ಹಿಂಬಾಗಿಲಿಂದ. ನಿಜ ಹೇಳಬೇಕೆಂದರೆ ಹಿಂಬಾಗಿಲಲ್ಲೇ ಗದ್ದಲ ಜಾಸ್ತಿ.

ನಾನು ಬಾಳಪ್ಪ, ಎರಡೂ ಬಾಗಿಲಿನವರಿಗೆ ಅನ್ನ ಹಾಕುವವನು. ಅಡುಗೆಮನೆಗೂ ಶೆಡ್ಡಿಗೂ ನಡುವೆ ಎದೆಮಟ್ಟದ ಗೋಡೆ ಒಂದೇ. ಅಲ್ಲಿ ಯಾರು ಏನು ಮಾತಾಡಿದರೂ ನನ್ನ ಕಿವಿಗೆ ಬೀಳುತ್ತದೆ. ಬೀಳದಿದ್ದರೆ ಸೌಟು ಹಿಡಿದುಕೊಂಡೇ ಹೋಗಿ ಕೇಳಿ ಬರುತ್ತೇನೆ. ಆದ್ದರಿಂದ ಇದರಲ್ಲಿ ಸುಳ್ಳಿಲ್ಲ. ಉಪ್ಪು ಖಾರ ಸ್ವಲ್ಪ ಹೆಚ್ಚಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಶೆಡ್ಡಿನ ಗುರುಗಳು ಮೋನಪ್ಪಜ್ಜ. ಕಾವಿ ಇಲ್ಲ, ಗಡ್ಡ ಇಲ್ಲ. ಖಾಕಿ ಚಡ್ಡಿ, ಎಣ್ಣೆ ಕಲೆಯ ಬನಿಯನ್ನು, ಮೂಗಿನ ತುದಿಗೆ ಕನ್ನಡಕ. ವಯಸ್ಸು ಎಪ್ಪತ್ತು ದಾಟಿದೆ. ಬೈದರೆ ಆಚೆ ದಡಕ್ಕೆ ಕೇಳುತ್ತದೆ, ನಕ್ಕರೂ ಅಷ್ಟೇ.

ಅವರ ಶೆಡ್ಡಿನಲ್ಲಿ ಒಂದು ಪದ್ಧತಿ. ಹೊಸದಾಗಿ ಬಂದ ಶಿಷ್ಯ ಮೊದಲ ವರ್ಷ ಲೇತಿನ ಹಿಡಿಕೆ ಮುಟ್ಟುವಂತಿಲ್ಲ. ಹಿರಿಯ ಶಿಷ್ಯ ಉಕ್ಕು ಕೊಯ್ಯುವಾಗ ಪಕ್ಕದಲ್ಲಿ ನಿಂತು ಹಿತ್ತಾಳೆ ಗಿಂಡಿಯಿಂದ ನೀರು ಎರೆಯಬೇಕು. ಬರೀ ನೀರಲ್ಲ, ಎಣ್ಣೆ ಬೆರೆಸಿ ಹಾಲಿನಂತೆ ಬೆಳ್ಳಗಾದ ನೀರು. ಉಕ್ಕು ಕೊಯ್ಯುವಾಗ ಟೂಲಿನ, ಅಂದರೆ ಕೊಯ್ಯುವ ಉಳಿಯ, ತುದಿ ಕೆಂಡದಂತೆ ಕಾಯುತ್ತದಲ್ಲ, ಅದನ್ನು ತಣ್ಣಗಿಡಲು.

ಬೇರೆ ಕಡೆ ಇದಕ್ಕೆ ಪಂಪು ಇರುತ್ತದೆ, ಸ್ವಿಚ್ಚು ಒತ್ತಿದರೆ ಆಯಿತು. ಅಜ್ಜ ಮಾತ್ರ ಪಂಪು ಹಾಕಿಸಲಿಲ್ಲ. ಕೇಳಿದವರಿಗೆ ಚಹಾ ಕುಡಿಸಿ ಕಳಿಸಿದರು.

ಎರಡು ವರ್ಷದ ಹಿಂದೆ ನೀಲವ್ವ ಬಂದಳು. ಅಪ್ಪ ಅವ್ವ ಇಲ್ಲದ ಹುಡುಗಿ, ದೊಡ್ಡವ್ವ ಸಾಕಿದವಳು. ಐಟಿಐ ಪಾಸು, ಜಿಲ್ಲೆಗೆ ಮೂರನೇ ನಂಬರು. ಕೈಯಲ್ಲಿ ಸರ್ಟಿಫಿಕೇಟು, ಬಾಯಲ್ಲಿ ಸದಾ ರೆಡಿ ಉತ್ತರ.

"ಅಜ್ಜಾರ, ನಾ ಪಾಸಾಗಿ ಬಂದೀನ್ರಿ. ಗಿಂಡಿ ಹಿಡ್ಯಾಕ ಬಂದಿಲ್ಲ."

"ಹೌದಾ? ಹಂಗಾದ್ರ ಹೇಳವಾ, ಟೂಲಿಗೆ ನೀರು ಯಾವಾಗ ಹಾಕಬೇಕು?"

"ಬಿಸಿ ಆದಾಗ್ರಿ."

ಅಜ್ಜ ಗಿಂಡಿಯನ್ನು ಎತ್ತಿ ಗೂಟಕ್ಕೆ ಹಾಕಿದರು.

"ನಡಿ, ಲೇತಿಗೆ ನಿಂದ್ರು. ನಿನಗ ಎರಿಯೋ ಕೆಲಸ ಬ್ಯಾಡ."

ಗೆದ್ದೆ ಅಂದುಕೊಂಡಳು ನೀಲವ್ವ. ಗೋಡೆಯ ಈಚೆ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದ ನಾನೂ ಹಾಗೇ ಅಂದುಕೊಂಡೆ. ನಾನೇನು ಜಾಣನೇ!

ಕೈ ಒಳ್ಳೆಯದಿತ್ತು ಅವಳದು. ಆರು ತಿಂಗಳಲ್ಲಿ ರೈತರು "ಆ ಅಕ್ಕನ ಕೈಲೇ ಮಾಡಸ್ರಿ" ಅನ್ನತೊಡಗಿದರು. ಆದರೆ ಎಲ್ಲಕ್ಕೂ ಒಂದು ನಿಯಮ ಬೇಕು ಅವಳಿಗೆ.

"ಅಜ್ಜಾರ, ಬೀಡುಕಬ್ಬಿಣಕ್ಕ ನೀರು ಹಾಕಬಾರದಂತಾರ. ಯಾಕ್ರಿ?"

"ಹಾಕಿ ನೋಡು."

ಹಾಕಿದಳು. ಬೀಡುಕಬ್ಬಿಣದ ಕರೀ ಪುಡಿ ನೀರು ಕುಡಿದು ರಾಡಿಯಾಗಿ ಲೇತಿನ ಸಂದಿಸಂದಿಗೆ ಮೆತ್ತಿಕೊಂಡಿತು. ಮಧ್ಯಾಹ್ನದಿಂದ ಸಂಜೆಯವರೆಗೆ ಸೀಮೆಎಣ್ಣೆ ಹಾಕಿ ತಿಕ್ಕಿದಳು. ಮೂಗೆಲ್ಲ ಕಪ್ಪು.

"ಗೊತ್ತಾತ?"

"ಗೊತ್ತಾತ್ರಿ. ಇದಕ್ಕ ನೀರು ಬ್ಯಾಡ."

"ಅದಲ್ಲವಾ. ಕೇಳಿ ಹಾಕಬೇಕು ಅನ್ನೋದು ಗೊತ್ತಾಗಬೇಕಿತ್ತು."

"ನಿಮ್ಮನ್ನ ಕೇಳೇ ಹಾಕಿದ್ನೆಲ್ರಿ!"

"ನನ್ನ ಯಾಕ ಕೇಳಿದಿ? ಕಬ್ಬಿಣದ ಮುಂದ ನಿಂತಿದ್ದಿ, ಅದನ್ನ ಕೇಳಬೇಕಿತ್ತು."

ನೀಲವ್ವ ಸಿಟ್ಟಿನಿಂದ ಬಂದು ನನ್ನ ಹತ್ತಿರ ಎರಡು ರೊಟ್ಟಿ ಜಾಸ್ತಿ ತಿಂದಳು. "ಈ ಅಜ್ಜಾರಿಗೆ ಒಂದ ಮಾತ ನೆಟ್ಟಗ ಹೇಳಾಕ ಬರೂದಿಲ್ಲ ಬಾಳಪ್ಪಣ್ಣಾ," ಅಂದಳು. ನಾನು ಬೆಣ್ಣೆ ಹಾಕಿದೆ.

ಈಗ ಯಮನೂರಪ್ಪನ ವಿಷಯ ಹೇಳಬೇಕು. ಹೊಳೆಯ ನಡುವೆ ಒಂದು ನಡುಗಡ್ಡೆ ಇದೆ, ಅದರ ಮೇಲೆ ನೂರು ಮನೆಯ ಊರು. ಅಲ್ಲಿಯ ಹುಡುಗ. ಒಮ್ಮೆ ಪಂಪು ಕೆಟ್ಟು, ಹೊಳೆ ದಾಟಿಸುವ ಯಂತ್ರದೋಣಿಯಲ್ಲಿ, ಅಂದರೆ ಲಾಂಚಿನಲ್ಲಿ, ಹೇರಿಕೊಂಡು ಬಂದ. ನೀಲವ್ವ ರಿಪೇರಿ ಮಾಡಿ ಕೊಟ್ಟಳು. ಎಂಟು ದಿನಕ್ಕೆ ಅದೇ ಪಂಪು ಹೊತ್ತು ಮತ್ತೆ ಬಂದ.

ಅಜ್ಜ ಪಂಪನ್ನು ತಿರುಗಿಸಿ ನೋಡಿದರು.

"ಇದಕ್ಕ ಏನಾಗೈತೋ?"

"ಏನೂ ಆಗಿಲ್ರಿ."

"ಮತ್ಯಾಕ ತಂದಿ?"

"ಮುಂದ ಏನರ ಆದ್ರ ಅಂತ..."

ಅಜ್ಜ ನಕ್ಕ ನಗೆಗೆ ಶೆಡ್ಡಿನ ಮೇಲಿನ ಕಾಗೆಗಳೆಲ್ಲ ಎದ್ದುಹೋದವು. ನೀಲವ್ವ ಲೇತಿನ ಹಿಂದೆ ಮುಖ ಮುಚ್ಚಿಕೊಂಡು ಕೂತುಬಿಟ್ಟಳು.

"ಪಂಪು ಇಲ್ಲೇ ಇಡು," ಅಂದರು ಅಜ್ಜ. "ಮನಿಗೆ ಹೋಗಿ ಹಿರ್ಯಾರನ್ನ ಕರಕೊಂಡ ಬಾ."

ಹಿರಿಯರು ಬಂದರು. ಸಕ್ಕರೆ ಹಂಚಿದೆವು. ಆದರೆ ಮದುವೆ ಮಾತ್ರ ಕೂಡಿಬರಲಿಲ್ಲ. ಮೊದಲ ಸಲ ದಿನ ಗೊತ್ತು ಮಾಡಿದಾಗ ಹುಡುಗನ ಅಜ್ಜಿ ತೀರಿಹೋದಳು. ಎರಡನೇ ಸಲ ಹೊಳೆ ಬಂದು ನಡುಗಡ್ಡೆಯ ಇಳಿದಾಣವೇ ಮುಳುಗಿತು. ಮೂರನೇ ಸಲ ಮಠದ ಅಂಗಳದಲ್ಲೇ ಹಂದರ ಹಾಕಿದೆವು. ಹನ್ನೆರಡೂ ಇಪ್ಪತ್ತಕ್ಕೆ ಅಕ್ಕಿಕಾಳು. ಅದು ತಪ್ಪಿದರೆ ಮುಂದಿನ ಮುಹೂರ್ತ ದೀಪಾವಳಿ ದಾಟಿದ ಮೇಲೆ.

"ದೀಪಾವಳಿ ಮಟಾ ಯಾರ ಕಾಯ್ತಾರ?" ಅಂತ ದೊಡ್ಡವ್ವ ಹಿಂದಿನ ದಿನ ನನ್ನೆದುರು ಕಣ್ಣೊರೆಸಿಕೊಂಡಿದ್ದಳು. "ಬೀಗರ ಕಡೆ ಈಗಾಗ್ಲೇ ಗುಸುಗುಸು ಅನ್ನಾಕತ್ತಾರ. ಹುಡುಗಿ ಕಾಲ್ಗುಣ ಸರಿ ಇಲ್ಲಂತ. ಇದೊಂದು ಸಲ ತಪ್ಪಿದ್ರ ಸಂಬಂಧಾನ ಬಿಡ್ತಾರ ನೋಡು."

ಮದುವೆಯ ಬೆಳಗ್ಗೆ ಎಂಟು ಗಂಟೆ. ನಾನು ಹೋಳಿಗೆಗೆ ಹೂರಣ ರುಬ್ಬಿಸುತ್ತಿದ್ದೆ. ಲಾಂಚು ನಡೆಸುವ ಇಮಾಮಸಾಬ ಹಿಂಬಾಗಿಲಿಂದ ಓಡಿ ಬಂದ. ಮೈಯೆಲ್ಲ ನೀರು.

"ಅಜ್ಜಾರ! ಶಾಫ್ಟ್ ಬಾಗಿಬಿಡ್ತ್ರಿ!"

ಬೀಗರನ್ನು ಕರೆತರಲು ಲಾಂಚು ಬಿಟ್ಟಿದ್ದನಂತೆ. ನೂರು ಮಾರು ಹೋಗಿಲ್ಲ, ಲಾಂಚಿನ ಹಿಂದಿನ ರೆಕ್ಕೆ ತಿರುಗಿಸುವ ಶಾಫ್ಟು ನೀರೊಳಗಿನ ಮರದ ಬೊಡ್ಡೆಗೆ ತಾಗಿತು. ಹೇಗೋ ಗಳ ಹಾಕಿ ಲಾಂಚನ್ನು ದಡಕ್ಕೆ ತಂದಿದ್ದ. ಅತ್ತ ನಡುಗಡ್ಡೆಯಲ್ಲಿ ಮದುಮಗ ಬಾಸಿಂಗ ಕಟ್ಟಿಕೊಂಡು ಎಂಬತ್ತು ಮಂದಿಯ ಜೊತೆ ಕಾಯುತ್ತಿದ್ದ. ಹೊಳೆಗೆ ಸೆಳೆತ ಜೋರಿತ್ತು, ಹರಗೋಲು ಹಾಕಲು ಅಂಬಿಗರು ಒಪ್ಪಲಿಲ್ಲ.

"ಬ್ಯಾರೆ ಶಾಫ್ಟ್ ಹನ್ನೊಂದಕ್ಕ ನನ್ನ ಕೈಯಾಗಿಟ್ರ ಸಾಕ್ರಿ," ಅಂದ ಇಮಾಮಸಾಬ. "ಅರ್ಧ ತಾಸಿನ್ಯಾಗ ಕೂಡಿಸ್ತೀನಿ. ಹೋಗಿ ಬರಾಕ ಮುಕ್ಕಾಲು ತಾಸು. ಹನ್ನೊಂದು ದಾಟಿದ್ರ ನನ್ನ ಕೈಯಾಗಿಲ್ಲ."

ಬೇರೆ ಶಾಫ್ಟು ಇತ್ತು. ಇರಲಿ ಅಂತ ಇನ್ನೊಂದು ಮಾಡಲು ಇಮಾಮಸಾಬ ಹೋದ ತಿಂಗಳೇ ಹೇಳಿದ್ದ. ನೀಲವ್ವ ಎರಡೂ ತುದಿ ಮುಗಿಸಿ, ಶಾಫ್ಟನ್ನು ಹಿಡಿದಿಡುವ ಬಳೆಯಂಥ ಬುಷ್ಷಿನೊಳಗೆ ಕೂರುವ ನಡುಭಾಗವನ್ನು ಮದುವೆಯ ಗಡಿಬಿಡಿಯಲ್ಲಿ ಹಾಗೇ ಬಿಟ್ಟಿದ್ದಳು.

ಅದನ್ನು ಮುಗಿಸುವವರು ಯಾರು? ಶಿಷ್ಯರಿಬ್ಬರು ಬಾಜಾದವರನ್ನು ಕರೆಯಲು ಪಟ್ಟಣಕ್ಕೆ ಹೋಗಿದ್ದರು. ಅಜ್ಜನ ಕಣ್ಣಿಗೆ ಆಪರೇಷನ್ ಆಗಿ ಇಪ್ಪತ್ತು ದಿನ ಆಗಿರಲಿಲ್ಲ, ಅಳತೆಯ ಗೆರೆ ಕಾಣುತ್ತಿರಲಿಲ್ಲ.

"ನಾ ಮಾಡ್ತೀನ್ರಿ," ಅಂತು ಒಂದು ದನಿ.

ಹಂದರದ ಅಂಚಿನಲ್ಲಿ ನೀಲವ್ವ ನಿಂತಿದ್ದಳು. ತಲೆಯಿಂದ ಕಾಲಿನವರೆಗೆ ಅರಿಷಿಣ. ಮೊಣಕೈ ತನಕ ಹಸಿರು ಬಳೆ.

ದೊಡ್ಡವ್ವ ಎದೆ ಎದೆ ಬಡಿದುಕೊಂಡಳು. "ಏನ ಮಾತಾಡ್ತಿಯೇ! ಅರಿಷಿಣ ಹಚ್ಚಿದ ಮ್ಯಾಲೆ ಹಂದರ ದಾಟಬಾರದು!"

ಎಲ್ಲರೂ ಅಜ್ಜನ ಮುಖ ನೋಡಿದರು. ಅಜ್ಜ ಹಂದರ ನೋಡಿದರು, ಶೆಡ್ಡು ನೋಡಿದರು, ನಡುವಿನ ಹತ್ತು ಹೆಜ್ಜೆ ಜಾಗ ನೋಡಿದರು.

"ಆಕಿ ಹಂದರ ದಾಟೂದು ಬ್ಯಾಡ. ಹಂದರಾನ ಶೆಡ್ಡಿನ ಮಟಾ ಎಳೀರಿ."

ಎರಡು ಬಿದಿರು ನೆಟ್ಟು, ಊಟಕ್ಕೆ ಹಾಸಬೇಕಿದ್ದ ಜಮಖಾನೆಯನ್ನು ಮೇಲೆ ಕಟ್ಟಿದೆವು. ತುದಿಗೆ ನಾಲ್ಕು ಮಾವಿನ ಎಲೆಯನ್ನೂ ಸಿಕ್ಕಿಸಿದೆವು. ನೀಲವ್ವ ಹಂದರದೊಳಗಿಂದಲೇ ನಡೆದು ಲೇತಿನ ಮುಂದೆ ಬಂದಳು.

ಬಳೆ ಕಳೆಯುವಂತಿರಲಿಲ್ಲ. ತಿರುಗುವ ಲೇತಿಗೆ ಬಳೆ ಸಿಕ್ಕರೆ ಕೈಯೇ ಹೋಗುತ್ತದೆ. ಅಜ್ಜ ತಾವೇ ಹಳೇ ಧೋತರ ಹರಿದು ಬಳೆಗಳ ಮೇಲೆ ಬಿಗಿಯಾಗಿ ಸುತ್ತಿ, ಮೇಲೆ ತಮ್ಮ ಖಾಕಿ ಅಂಗಿ ತೊಡಿಸಿ ಗುಂಡಿ ಹಾಕಿದರು. ಜಡೆಯನ್ನು ಟೋಪಿಯೊಳಗೆ ತೂರಿಸಿದರು. ಮದುಮಗಳೋ ಪೊಲೀಸೋ ಗೊತ್ತಾಗದಂಥ ವೇಷ ಆಯಿತು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು.

ಶಾಫ್ಟು ಸ್ಟೇನ್‌ಲೆಸ್ ಸ್ಟೀಲಿನದು. ಅದು ಬಲು ಹಟದ ಲೋಹವಂತೆ. ಕೊಯ್ದರೆ ಬೇಗ ಕಾಯುತ್ತದೆ, ಕಾದ ಮೇಲೆ ಬೇಗ ಆರುವುದೂ ಇಲ್ಲ. ಅದಕ್ಕೆ ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡ್ ತುದಿಯ ಟೂಲು ಬೇಕು. ಅಂಥವು ಎರಡೇ ಉಳಿದಿದ್ದವು.

ಅಜ್ಜ ಮೂಲೆಯ ಸ್ಟೂಲಿನ ಮೇಲೆ ಕೂತರು.

ನೀಲವ್ವ ಲೇತು ಚಾಲೂ ಮಾಡಿದಳು. ಅವಸರ ನೋಡಿ, ಜೋರಾಗಿ ತಿರುಗಿಸಿದಳು. ನೀರಿನ ಗೊಡವೆಗೇ ಹೋಗಲಿಲ್ಲ. ಕೊಯ್ದ ಉಕ್ಕಿನ ಸುರುಳಿ ಬೆಳ್ಳಗೆ ಬಂತು, ಆಮೇಲೆ ಕಂದು, ಆಮೇಲೆ ನೀಲಿ. ಹೊಗೆ ಎದ್ದಿತು. ಟೂಲಿನ ತುದಿ ಕೆಂಪಾದದ್ದು ಗೋಡೆಯ ಈಚೆ ನಿಂತ ನನಗೂ ಕಂಡಿತು.

"ಅಯ್ಯಯ್ಯೋ!" ಅಂದವಳೇ ಪಕ್ಕದಲ್ಲಿದ್ದ ತಂಬಿಗೆ ಎತ್ತಿ ಸುರಿದಳು.

ಟಿಕ್.

ಸಣ್ಣ ಸದ್ದು. ಕಾದ ಮಣ್ಣಿನ ಹೆಂಚಿಗೆ ತಣ್ಣೀರು ಬಿದ್ದರೆ ಬರುವಂಥದ್ದೇ. ನಾನು ಅಂಥ ಎಷ್ಟು ಹೆಂಚು ಕಳೆದುಕೊಂಡಿದ್ದೇನೆ!

ಟೂಲಿನ ತುದಿ ಸೀಳಿತ್ತು.

ನೀಲವ್ವನ ಕೆನ್ನೆಯ ಮೇಲೆ ಕಣ್ಣೀರು ಇಳಿದ ಕಡೆಯೆಲ್ಲ ಅರಿಷಿಣ ತೊಳೆದು ಗೆರೆ ಮೂಡಿತು. ಒಂಬತ್ತೂವರೆ ಆಗಿತ್ತು.

"ಬಿಸಿ ಆತ್ರಿ ಅಜ್ಜಾರ... ನೀರು ಹಾಕಿದ್ನಿ..."

"ಹೌದವಾ. ಬಿಸಿ ಆದ ಮ್ಯಾಲೆ ಹಾಕಿದಿ."

"ಮತ್ಯಾವಾಗ ಹಾಕಬೇಕಿತ್ರಿ? ಇವತ್ತರ ನೆಟ್ಟಗ ಹೇಳ್ರಿ! ಇನ್ನೊಂದ ಟೂಲ್ ಐತಿ, ಅದೂ ಹೋದ್ರ ನನ್ನ ಮದಿವಿ ಹೋತು!"

ಅಜ್ಜ ಎದ್ದು ಹೋಗಿ ಉಳಿದ ಟೂಲನ್ನು ತಾವೇ ಲೇತಿಗೆ ಬಿಗಿದರು. ಗೂಟದಿಂದ ಗಿಂಡಿ ಇಳಿಸಿದರು. ಬಿಳೀ ನೀರು ತುಂಬಿಕೊಂಡರು. ಸ್ಟೂಲನ್ನು ಲೇತಿನ ಪಕ್ಕಕ್ಕೆ ಎಳೆದು ಕೂತು, ಟೂಲಿನ ತುದಿಗೆ ಸಣ್ಣ ಧಾರೆ ಬಿಟ್ಟರು.

ನೀಲವ್ವ ನೋಡಿದಳು.

"ಅಜ್ಜಾರ, ಲೇತ್ ಇನ್ನೂ ಚಾಲೂನ ಮಾಡಿಲ್ರಿ."

"ಹೌದು."

"ಟೂಲ್ ತಣ್ಣಗೈತ್ರಿ."

"ಹೌದು, ತಣ್ಣಗೈತಿ."

ಎರೆಯುತ್ತಲೇ ಇದ್ದರು. ನೀರು ಟೂಲಿನ ಮೇಲೆ ಬಿದ್ದು, ಲೇತಿನ ಕೆಳಗಿನ ತಟ್ಟೆಗೆ ಹರಿದು, ಡಬ್ಬಿಗೆ ಇಳಿಯಿತು.

ನೀಲವ್ವ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡಳು.

"ನೀವು ಎರಿಯೂದ್ರಿ? ಅದು ಹೊಸಬರ ಕೆಲಸ. ನಾ ಒಂದ ದಿನಾನೂ ಮಾಡಲಿಲ್ಲ."

"ಅದಕ್ಕ ನಾ ಮಾಡಾಕತ್ತೀನಿ. ನೀ ಕೊಯ್ಯಿ."

ನಾನು ಟವೆಲಿನಿಂದ ಕಣ್ಣೊರೆಸಿಕೊಂಡೆ. ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ ಅಂತ ನೆಪ ಹೇಳುವ ಹಾಗಿಲ್ಲ, ಅವತ್ತು ಮಾಡಿದ್ದು ಬರೀ ಸಿಹಿ ಅಡುಗೆ.

ಲೇತು ತಿರುಗಿತು. ಈ ಸಲ ನಿಧಾನ. ಟೂಲನ್ನು ಮೆಲ್ಲಗೆ, ಮುಟ್ಟಿಯೂ ಮುಟ್ಟದ ಹಾಗೆ ಶಾಫ್ಟಿಗೆ ತಾಗಿಸಿದಳು. ಕಿರ್ರ್ ಅಂತ ಹಲ್ಲು ಜುಮ್ಮೆನ್ನುವ ಸದ್ದು.

"ಏನ ಮಾಡಾಕತ್ತಿ?"

"ಬಿಸಿ ಆಗಬಾರದಂತ ತೆಳ್ಳಗ ತಗೋತೀನ್ರಿ. ಇದೊಂದ ಉಳದೈತಿ."

"ತಗೊಳ್ಳಾಕತ್ತಿಲ್ಲ ನೀ, ತಿಕ್ಕಾಕತ್ತಿ. ತಿಕ್ಕಿದ್ರ ಅದಕ್ಕೂ ಬಿಸಿ, ಇದಕ್ಕೂ ಬಿಸಿ. ಒಳಗ ಇಳಿ."

"ಇಳಿದ್ರ ಮುರೀತೈತೇನೋ ಅಂತ ಅಂಜಿಕಿ ಬರ್ತೈತ್ರಿ."

"ಬರಲಿ. ಅಂಜಿಕಿ ಬಂತಂತ ಕೈ ಯಾಕ ಹಿಂದ ತಗೀತಿ? ಶಾಖ ಹೊರಗ ಹೋಗಾಕ ಒಂದು ದಾರಿ ಬೇಕಲ್ಲ. ದಪ್ಪ ಸುರುಳಿ ತಗಿ, ಅದು ಹೊತ್ತಗೊಂಡ ಹೋಗತೈತಿ."

ನೀಲವ್ವ ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟಳು. ಕಣ್ಣು ತೆರೆದು ಹಿಡಿಕೆ ತಿರುಗಿಸಿ ಟೂಲನ್ನು ಒಳಗಿಳಿಸಿದಳು.

ಸದ್ದೇ ಬದಲಾಯಿತು. ಹಸಿ ಸೌತೆಕಾಯಿ ಹೆಚ್ಚುವಂಥ ಸದ್ದು. ದಪ್ಪ ಸುರುಳಿ ಹೊಗೆಯಾಡುತ್ತ ಹೊರಗೆ ಬಂದು ತಟ್ಟೆಗೆ ಬಿತ್ತು. ಅದರ ಹಿಂದೆ ಇನ್ನೊಂದು. ಟೂಲಿನ ತುದಿ ಬಿಳೀ ನೀರಿನೊಳಗೆ ತಣ್ಣಗೆ ಕೂತಿತ್ತು.

"ಹಾಂ!" ಅಂದಳು ನೀಲವ್ವ. ಸಣ್ಣ ಮಗು ಮೊದಲ ಹೆಜ್ಜೆ ಇಟ್ಟಾಗ ಮಾಡುವಂಥ ಮುಖ ಮಾಡಿದಳು.

ಒಂದು ತೊಂದರೆ ಬಂತು. ಗಿಂಡಿ ಖಾಲಿಯಾಗುತ್ತದೆ. ತುಂಬಿಕೊಳ್ಳುವಷ್ಟು ಹೊತ್ತು ಧಾರೆ ಕಡಿದರೆ ಟೂಲು ಕಾಯುತ್ತದೆ, ಆಮೇಲೆ ನೀರು ಬಿದ್ದರೆ ಮತ್ತೆ ಅದೇ ಟಿಕ್.

"ಏ ಬಾಳಪ್ಪಾ! ಇನ್ನೊಂದ ಗಿಂಡಿ ತಗೊಂಡ ಬಾ!"

"ಅಜ್ಜಾರ, ಹೋಳಿಗಿ ಹೆಂಚಿನ ಮ್ಯಾಲ..."

"ಬಾ ಅಂದ್ನಿ!"

ಓಡಿದೆ. ಅಜ್ಜನ ಕೈಯ ಗಿಂಡಿ ಮುಗಿಯುವ ಮೊದಲೇ ನನ್ನದರ ಧಾರೆ ಶುರುವಾಗಬೇಕು, ನನ್ನದು ಮುಗಿಯುವ ಮೊದಲೇ ಅವರದು. ಮೊದಲೆರಡು ಸಲ ಅಂಗಿ ತೋಯಿಸಿಕೊಂಡೆ. ಆಮೇಲೆ ಕೈ ಕೂಡಿತು. ಮೂವತ್ತು ವರ್ಷ ಸಾರು ಬಡಿಸಿದ ಕೈ ಇದು, ಸುಮ್ಮನೆ ಅಲ್ಲ.

ಅತ್ತ ಹೆಂಚಿನ ಮುಂದೆ ದೊಡ್ಡವ್ವ ಕೂತಿದ್ದಳು. "ಮದುಮಗಳು ಲೇತಿಗೆ, ಅಡಿಗಿಯಾಂವ ಲೇತಿಗೆ, ನಾ ಹೆಂಚಿಗೆ! ಇಂಥಾ ಮದಿವಿ ಏಳೂರಾಗ ಆಗಿಲ್ಲ!" ಅಂತ ಬೈಯುತ್ತಲೇ ಹೋಳಿಗೆ ತಿರುವಿ ಹಾಕುತ್ತಿದ್ದಳು. ನನಗಿಂತ ತೆಳ್ಳಗೆ ಬೇಯಿಸಿದಳು ಅನ್ನುವುದನ್ನು ಇವತ್ತಿಗೂ ಅವಳೆದುರು ಒಪ್ಪಿಲ್ಲ.

ಅಜ್ಜ ಗಿಂಡಿಯನ್ನು ಬಲಗೈಯಿಂದ ಎಡಗೈಗೆ ಬದಲಿಸಿಕೊಂಡರು. ಧಾರೆ ಮಾತ್ರ ಕಡಿಯಲಿಲ್ಲ.

"ಸ್ವಲ್ಪ ಆರಾಮ ತಗೋರಿ ಅಜ್ಜಾರ."

"ಕೆಲಸ ನೋಡು."

ಹತ್ತೂ ಹತ್ತಕ್ಕೆ ಮೊದಲ ಕಟ್ಟು, ಅಂದರೆ ಮೊದಲ ಸುತ್ತಿನ ಕೊಯ್ತ, ಮುಗಿಯಿತು. ಲೇತು ನಿಲ್ಲಿಸಿದ್ದೇ ತಡ, ನೀಲವ್ವ ಮೈಕ್ರೋಮೀಟರು ಹಿಡಿದು ಶಾಫ್ಟಿನ ದಪ್ಪ ಅಳೆಯಲು ಹೋದಳು. ಅಜ್ಜ ಅದನ್ನು ಕೈಯಿಂದ ಕಿತ್ತುಕೊಂಡು ಚಡ್ಡಿಯ ಜೇಬಿಗೆ ಹಾಕಿಕೊಂಡರು.

"ಅಜ್ಜಾರ!"

"ಶಾಫ್ಟ್ ಮುಟ್ಟಿ ನೋಡು."

ಮುಟ್ಟಿದಳು. ಇಷ್ಟು ನೀರು ಎರೆದರೂ ಒಳಗಿನ ಬಿಸಿ ಹೋಗಿರಲಿಲ್ಲ. ಕಾದ ಉಕ್ಕು ಉಬ್ಬಿರುತ್ತದೆ. ಆಗ ಅಳೆದು ಲೆಕ್ಕ ಹಾಕಿದರೆ ತಣ್ಣಗಾದ ಮೇಲೆ ಸಣ್ಣದಾಗಿ ಬುಷ್ಷಿನೊಳಗೆ ಗಡಗಡ ಅನ್ನುತ್ತದೆ. ಇದು ಅವಳಿಗೂ ಗೊತ್ತು, ಪುಸ್ತಕದಲ್ಲಿ ಓದಿದ್ದಳು.

"ಆದ್ರ ಐವತ್ತ ನಿಮಿಷ ಅಷ್ಟ ಉಳದೈತ್ರಿ! ಸುಮ್ಮ ಕುಂತ್ರ ಹೆಂಗ?"

"ಸುಮ್ಮ ಯಾಕ ಕುಂದ್ರತಿ? ನಿಮ್ಮ ದೊಡ್ಡವ್ವ ಅವಾಗಿಂದ ಸುರಿಗಿ ನೀರಿಗೆ ಕರ್ಯಾಕತ್ತಾಳ. ಹೋಗಿ ಮೈಮ್ಯಾಲೆ ನೀರು ಹಾಕ್ಕೊಂಡ ಬಾ."

ದೊಡ್ಡವ್ವ ಹೆಂಚು ಬಿಟ್ಟು ಓಡಿ ಬಂದಳು. ಜೀವನದಲ್ಲಿ ಮೊದಲ ಸಲ ಅಜ್ಜನ ಮಾತು ಅವಳಿಗೆ ಸರಿ ಕಂಡಿತ್ತು.

ನಾಲ್ಕು ಮೂಲೆಗೆ ನಾಲ್ಕು ತಂಬಿಗೆ, ಸುತ್ತ ನೂಲು, ನಡುವೆ ನೀಲವ್ವ. ಮುತ್ತೈದೆಯರು ಹಾಡುತ್ತ ನೀರು ಸುರಿದರು. ಅವಳ ಕಣ್ಣು ಮಾತ್ರ ಶೆಡ್ಡಿನ ಕಡೆ.

"ಅಜ್ಜಾರ! ತಣ್ಣಗಾತೇನ್ರಿ?" ಅಂತ ನೀರೊಳಗಿಂದಲೇ ಕೂಗಿದಳು.

"ನೀ ಆದಿ?" ಅಂತ ಅಜ್ಜ ಕೂಗಿದರು.

ಹಾಡುತ್ತಿದ್ದ ಹೆಂಗಸರು ಹಾಡು ಬಿಟ್ಟು ನಕ್ಕರು. ನೀಲವ್ವನಿಗೂ ನಗು ತಡೆಯಲಾಗಲಿಲ್ಲ. ಬೆಳಗಿನಿಂದ ಮೊದಲ ಸಲ ನಕ್ಕಳು ಹುಡುಗಿ. ಭುಜ ಇಳಿದವು, ಕೈ ಸಡಿಲಾದವು. ಆರತಿ ಎತ್ತುವವರೆಗೂ ಸುಮ್ಮನೆ ಕೂತಳು.

ಹತ್ತೂ ಮೂವತ್ತೈದಕ್ಕೆ ಒದ್ದೆ ತಲೆಗೆ ಟವೆಲು ಸುತ್ತಿ, ಬಳೆಗೆ ಮತ್ತೆ ಬಟ್ಟೆ ಕಟ್ಟಿಸಿಕೊಂಡು ಲೇತಿಗೆ ಬಂದಳು. ಶಾಫ್ಟಿನ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಅಜ್ಜ ಜೇಬಿನಿಂದ ಮೈಕ್ರೋಮೀಟರು ತೆಗೆದುಕೊಟ್ಟರು.

ಅಳೆದಳು. ಇನ್ನೊಮ್ಮೆ ಅಳೆದಳು. "ಅರ್ಧ ಮಿಲಿಮೀಟರ್ ಬಾಕಿ ಐತ್ರಿ."

ಕೈ ಸ್ವಿಚ್ಚಿನ ಹತ್ತಿರ ಹೋಯಿತು, ಅಲ್ಲೇ ನಿಂತಿತು. ಅಜ್ಜನ ಕಡೆ ತಿರುಗಿದಳು.

"ಎರೀರಿ ಅಜ್ಜಾರ."

ಅಜ್ಜ ಎರೆದರು. ಧಾರೆ ಟೂಲಿನ ತುದಿಗೆ ಸರಿಯಾಗಿ ಬಿದ್ದದ್ದನ್ನು ನೋಡಿಕೊಂಡು, ಆಮೇಲೆ ಲೇತು ಚಾಲೂ ಮಾಡಿದಳು. ಒಂದೇ ಕಟ್ಟು, ನಿಂತುಕೊಳ್ಳದೆ, ಈ ತುದಿಯಿಂದ ಆ ತುದಿಗೆ. ಸುರುಳಿ ಉದ್ದಕ್ಕೆ ಬಂದು ನೆಲ ಮುಟ್ಟಿತು. ನಾನು ಉಸಿರು ಹಿಡಿದು ಗಿಂಡಿ ಬದಲಿಸುತ್ತಿದ್ದೆ. ಇಮಾಮಸಾಬ ಬಾಗಿಲಲ್ಲಿ ನಿಂತು ದುವಾ ಮಾಡುತ್ತಿದ್ದ.

ಲೇತು ನಿಂತಿತು. ಶಾಫ್ಟು ಮತ್ತೆ ಆರಲಿ ಅಂತ ನೀಲವ್ವ ತಾನೇ ಕೈ ಕಟ್ಟಿ ನಿಂತಳು. ಯಾರೂ ಹೇಳಬೇಕಾಗಲಿಲ್ಲ. ಅಜ್ಜ ಬರೀ ತಂಪು ನೀರು ಎರೆಯುತ್ತ ಹೋದರು. ಅಷ್ಟು ಹೊತ್ತು ಅವಳು ಗಡಿಯಾರ ನೋಡಲಿಲ್ಲ, ನೋಡಿದ್ದು ನಾನು.

ಆಮೇಲೆ ಇಮಾಮಸಾಬ ಬುಷ್ಷನ್ನು ಶಾಫ್ಟಿಗೆ ತೂರಿಸಿದ. ಒತ್ತಬೇಕಾಗಲಿಲ್ಲ, ಅಲುಗಾಡಲೂ ಇಲ್ಲ. ಮೆಲ್ಲಗೆ ಜಾರಿ ಕೂತಿತು.

"ಯಾ ಅಲ್ಲಾ, ಬೆಣ್ಣಿ ಆಗೇತಿ!" ಅಂದ.

ಹನ್ನೊಂದಕ್ಕೆ ಇನ್ನೂ ಐದು ನಿಮಿಷ ಇತ್ತು. ಶಾಫ್ಟಿನ ತುದಿಗೆ, ಮಿಂದರೂ ಪೂರ್ತಿ ಹೋಗದ ಅರಿಷಿಣದಿಂದ, ನೀಲವ್ವನ ಬೆರಳ ಗುರುತು ಮೂಡಿದ್ದವು. ಒರೆಸಲು ಹೋದೆ. "ಇರಲಿ ಬಿಡೋ, ಮದಿವಿ ಶಾಫ್ಟ್ ಇದು," ಅಂದು ಇಮಾಮಸಾಬ ಅದನ್ನು ಹೆಗಲಿಗೇರಿಸಿಕೊಂಡು ಓಡಿದ.

ಆಮೇಲಿನ ಒಂದು ತಾಸು ಹೇಗೆ ಕಳೆಯಿತೋ ದೇವರಿಗೇ ಗೊತ್ತು. ಬಾಜಾದವರು ಬಂದರು. ನೀಲವ್ವ ಸೀರೆ ಉಟ್ಟಳು. ಉಗುರ ಸಂದಿಯ ಎಣ್ಣೆ ಮಾತ್ರ ಹೋಗಲಿಲ್ಲ. ದೊಡ್ಡವ್ವ ದಡಕ್ಕೂ ಹಂದರಕ್ಕೂ ಹತ್ತು ಸಲ ಓಡಾಡಿದಳು.

ಹನ್ನೆರಡೂ ಎಂಟಕ್ಕೆ ಲಾಂಚಿನ ಸದ್ದು ಕೇಳಿತು. ಗಡಗಡ ಇಲ್ಲ, ಒಂದೇ ಸಮ ಗುಡುಗುಡು. ದಡ ಇನ್ನೂ ನಾಲ್ಕು ಮಾರು ಇದೆ ಅನ್ನುವಾಗಲೇ ಯಮನೂರಪ್ಪ ಬಾಸಿಂಗ ಸಮೇತ ನೀರಿಗೆ ಹಾರಿದ. ಮೊಣಕಾಲುದ್ದ ನೀರಲ್ಲಿ ಹೊಸ ಧೋತರ ತೋಯಿಸಿಕೊಂಡು ಓಡಿ ಬಂದ. ಅವನ ಹಿಂದೆ ಎಂಬತ್ತು ಮಂದಿ ಬೀಗರು ನಗುತ್ತ ಬೈಯುತ್ತ ಇಳಿದರು.

ಹನ್ನೆರಡೂ ಇಪ್ಪತ್ತಕ್ಕೆ ಸರಿಯಾಗಿ ಅಕ್ಕಿಕಾಳು ಬಿದ್ದವು. ನಾನು ಎರಡೂ ಕೈಯಿಂದ ತೂರಿದೆ. ಕಾಲ್ಗುಣದ ಮಾತಾಡಿದ್ದ ಬೀಗತಿಯೇ ನೀಲವ್ವನ ಕೈ ಹಿಡಿದು, ಉಗುರು ನೋಡಿ, "ಈ ಕೈ ಇರಲಿಲ್ಲಂದ್ರ ನಾವು ಇನ್ನೂ ಆಚೀ ದಂಡಿಗೇ ಇರ್ತಿದ್ವಿ," ಅಂದಳು. ದೊಡ್ಡವ್ವ ಗೊಳೋ ಅಂತ ಅತ್ತಳು. ಸಂತೋಷಕ್ಕೂ ಅಷ್ಟು ಜೋರಾಗಿ ಅಳಬಹುದು ಅಂತ ಅವತ್ತೇ ನಾನು ಕಂಡದ್ದು.

ಪಂಗ್ತಿ ಹಾಕಿದೆವು. ಜಮಖಾನೆ ಮೇಲೆ ಹಂದರವಾಗಿ ಹೋಗಿತ್ತಲ್ಲ, ಎಲ್ಲರೂ ಬರೀ ನೆಲದ ಮೇಲೇ ಕೂತರು. ಮದುಮಗಳ ಎಲೆಗೆ ಮೊದಲು ಬಡಿಸಿದೆ. ಬೆಳಗಿನಿಂದ ಒಂದು ಹನಿ ಚಹಾ ಕೂಡ ಕುಡಿದಿರಲಿಲ್ಲ ಪಾಪ.

ಯಮನೂರಪ್ಪ ಮಾತ್ರ ಎಲೆಗೆ ಕೂರದೆ ಅಜ್ಜನ ಹತ್ತಿರ ಬಂದ. ಅಜ್ಜ ಕಂಬಕ್ಕೆ ಒರಗಿ ಸೋತ ಕೈಯನ್ನು ತಿಕ್ಕಿಕೊಳ್ಳುತ್ತಿದ್ದರು. ಹುಡುಗ ಕಾಲು ಮುಟ್ಟಿ ನಮಸ್ಕಾರ ಮಾಡಿ ಅಲ್ಲೇ ನಿಂತ.

"ಇಮಾಮ ಚಾಚಾ ಎಲ್ಲಾ ಹೇಳಿದಾರ್ರಿ. ಒಂದ ಮಾತ ಕೇಳಲೇನ್ರಿ ಅಜ್ಜಾರ?"

"ಕೇಳು."

"ಇಕಿಗೆ ಸಿಟ್ಟ ಬಾಳ. ನನಗೂ ಏನ ಕಡಿಮಿ ಇಲ್ರಿ. ನಾಳೆ ಮನ್ಯಾಗ ನಾವಿಬ್ರೂ ಆ ಟೂಲಿನಂಗ ಕಾಯ್ದ್ವಿ ಅಂದ್ರ, ಅವಾಗ ನಾ ಏನ ಮಾಡಬೇಕ್ರಿ?"

ಅಜ್ಜ ಕನ್ನಡಕ ಮೇಲೇರಿಸಿಕೊಂಡು ಪಂಗ್ತಿಯ ಕಡೆ ನೋಡಿದರು.

"ಆಕಿ ಎಲಿಗೆ ಹೋಳಿಗಿ ಬಿದ್ದು ಎಷ್ಟೊತ್ತಾತು, ತುಪ್ಪಾ ಇನ್ನೂ ಬಂದಿಲ್ಲ, ಹೋಗಿ ಎರಿ. ನೀ ಇಲ್ಲಿ ನಿಂತು ನನ್ನ ಏನ ಕೇಳಾಕತ್ತೀಯೋ ತಮ್ಮಾ?"